ಇನ್ನೂರ ಹನ್ನೆರಡನೇ ಪುಟ

ಇನ್ನೂರ ಹನ್ನೆರಡನೇ ಪುಟಕ್ಕೆ ಇನ್ನು ಎರಡೇ ಹಾಳೆ ಬಾಕಿ. ಮೇಘ ನೀರು ಕುಡಿದಳು. ಇದು ಮೂರನೇ ಲೋಟ. ಜಗಲಿಯ ಮೇಲೆ ಕುಳಿತಿದ್ದವರು ಯಾರೂ ಅವಳ ಮುಖ ನೋಡಲಿಲ್ಲ. ಆ ಪುಟದಲ್ಲಿ ಏನಿದೆ ಎಂದು ಪಣಕಹಳ್ಳಿಗೆಲ್ಲ ಗೊತ್ತಿತ್ತು, ಕಂಬಕ್ಕೆ ಒರಗಿ ಅವರೆಕಾಯಿ ಸುಲಿಯುತ್ತಿದ್ದ ಶಿವಮಲ್ಲಮ್ಮನೊಬ್ಬಳನ್ನು ಬಿಟ್ಟು.

ಪುಸ್ತಕ ಯುದ್ಧವಿಮಾನದ ಪೈಲಟ್ ಒಬ್ಬರ ಆತ್ಮಕಥೆ. ಎಪ್ಪತ್ತೊಂದರ ಯುದ್ಧದಲ್ಲಿ ವಿಮಾನ ಉರುಳಿ, ಕಾಲು ಮುರಿದುಕೊಂಡು, ಶತ್ರುಗಳ ಕೈಗೆ ಸಿಕ್ಕಿ ಒಂದು ವರ್ಷ ಸೆರೆಯಲ್ಲಿದ್ದವರು. ಮೈಸೂರಿನವರಾದರೂ ಬರೆದದ್ದು ಇಂಗ್ಲಿಷಿನಲ್ಲಿ, ಅದೂ ಎಂಬತ್ತು ದಾಟಿದ ಮೇಲೆ. ಆ ವಿಮಾನದಲ್ಲಿ ಅವರಿಗೆ ದಾರಿ ಹೇಳುತ್ತಿದ್ದ ನ್ಯಾವಿಗೇಟರ್ ಇದೇ ಮನೆಯ ಸೋಮಶೇಖರ್, ಶಿವಮಲ್ಲಮ್ಮನ ಗಂಡ. ಅವನ ತಮ್ಮನ ಮೊಮ್ಮಗಳು ಮೇಘ ಕಾಲೇಜಿನಲ್ಲಿ ಇಂಗ್ಲಿಷ್ ಪಾಠ ಹೇಳುವವಳು. ಪೊಂಗಲ್ ರಜೆಗೆ ಬಂದವಳು ಆರು ದಿನದಿಂದ ಸಂಜೆ ನಾಲ್ಕಕ್ಕೆ ಕುಳಿತು ಪುಸ್ತಕವನ್ನು ಕನ್ನಡದಲ್ಲಿ ಹೇಳುತ್ತಿದ್ದಳು.

ಕೇಳಿದವರಲ್ಲಿ ಒಬ್ಬೊಬ್ಬರದು ಒಂದೊಂದು ತೀರ್ಪು. ನಿವೃತ್ತ ಮೇಷ್ಟ್ರು ಮಹದೇವಪ್ರಸಾದ್, ಬರೆದವರಿಗೆ ಜಂಭ ಜಾಸ್ತಿ ಎಂದರು. ಪುಟ್ಟಮಾದಮ್ಮ ವಿಮಾನಕ್ಕೆ ಬೆಂಕಿ ಹೊತ್ತಿದ ಕಡೆ ಒಲೆಯ ಮೇಲೆ ಹಾಲಿಟ್ಟದ್ದು ನೆನಪಾಗಿ ಎದ್ದು ಓಡಿದಳು. ಹಾಲು ಇಳಿಸಿ ಬಂದು, ಬಿಟ್ಟಲ್ಲಿಂದ ಅತ್ತಳು. ಈ ಮನೆಯ ಹೊಲ ಉತ್ತು ಉತ್ತೇ ಮುದುಕನಾದ ಜವರನಿಗೆ ಬೇಕಾದದ್ದು ಬೇರೆ.

"ಜೈಲಲ್ಲಿ ಒಟ್ಟೆಗೆ ಏನ್ ಆಕ್ತಿದ್ರವ್ವ?"

"ಬೇಳೆ, ಒಣ ರೊಟ್ಟಿ."

"ಪರ್ವಾಗಿಲ್ಲ ಬುಡು. ಅವ್ರೂ ಮನ್ಸರೇ."

ಶಿವಮಲ್ಲಮ್ಮ ಮಾತ್ರ ಕಾಯಿ ಸುಲಿಯುತ್ತಲೇ ಇದ್ದಳು. ಆರು ದಿನವೂ ಅದೇ ಮುಖ. ಬಾಂಬು ಬಿದ್ದಾಗಲೂ ಅವಳ ಕೈ ನಿಲ್ಲಲಿಲ್ಲ, ಕಾಲು ಮುರಿದಾಗಲೂ ಬಳೆಯ ಸದ್ದು ನಿಲ್ಲಲಿಲ್ಲ.

ಎಲ್ಲರ ಚಿಂತೆ ಆ ಬಳೆಗಳದ್ದೇ. ಯುದ್ಧ ಮುಗಿದಾಗ ಬಂದ ಸರ್ಕಾರದ ಕಾಗದದಲ್ಲಿ 'ಕಾಣೆಯಾಗಿದ್ದಾರೆ' ಎಂದಿತ್ತು. ಆಮೇಲೆ ಬಂದ ಕಾಗದಗಳನ್ನು ಅವಳು ಯಾರ ಕೈಗೂ ಕೊಡದೆ ಟ್ರಂಕಿಗೆ ಹಾಕಿ ಬೀಗ ಜಡಿದಳು. ಪಾಪ, ಆಸೆ ಮುರಿದೀತೆಂಬ ಭಯ ಎಂದಿತು ಊರು. ಕಣ್ಣು ಕಾಣದ ಅತ್ತೆ ಮಂಗಳಮ್ಮ ಬೆಳಿಗ್ಗೆ ಸೊಸೆಯ ಕೈ ತಡವಿ, ಬಳೆ ಮುಟ್ಟಿ ನೋಡಿಯೇ ನೆಲಕ್ಕೆ ಕಾಲಿಡುತ್ತಿದ್ದಳು. ಮಗ ಇದ್ದಾನೆ ಎಂದುಕೊಂಡೇ ತೊಂಬತ್ತು ದಾಟಿ ಹೋದಳು. ಬಳೆ ಉಳಿದವು, ಕುಂಕುಮವೂ ಉಳಿಯಿತು. ಸಾವು ಖಚಿತವಾದರೆ ಎರಡೂ ಹೋಗಬೇಕು. ಎಪ್ಪತ್ತೈದರ ಮುದುಕಿಯ ಬಳೆ ತೆಗೆಸುವ ಪಾಪ ಯಾರಿಗೆ ಬೇಕು? ಮೇಘ ಮೊದಲೇ ಓದಿಕೊಂಡು ಬಂದು ಹೇಳಿದಾಗ, ಆ ಪುಟ ಹಾರಿಸಿಬಿಡು ಎಂದು ಮೇಷ್ಟ್ರೇ ಹೇಳಿಕೊಟ್ಟರು. ಊರು ಹೂಂ ಎಂದಿತು.

ಪುಟದಲ್ಲಿದ್ದದ್ದು ಇಷ್ಟು. ಸೋಮಶೇಖರ್ ಸೆರೆಯಲ್ಲಿ ಜ್ವರ ಬಂದು ಸತ್ತ. ನಮ್ಮವರನ್ನು ಮಲಗಿಸಿ ಹೂಳುವುದಿಲ್ಲ, ಕೂರಿಸಬೇಕು, ಎಡಗೈಯಲ್ಲಿ ಲಿಂಗ ಇಡಬೇಕು ಎಂದು ಮೊದಲೇ ಹೇಳಿಟ್ಟಿದ್ದ. ಪೈಲಟ್ ಕಾವಲಿನವರ ಕೈಕಾಲು ಹಿಡಿದು ಗುಂಡಿ ಆಳವಾಗಿ ತೋಡಿಸಿ, ಹಾಗೆಯೇ ಮಾಡಿದ್ದರು.

ಮೇಘ ಹಾಳೆ ಮಗುಚಿದಳು. ಏನಾದರೂ ಮಾತಾಡಬೇಕಲ್ಲ ಎಂದು ಜವರ ಹೊಲದ ಮಾತು ತೆಗೆದ.

"ಅಮ್ಮಾರೆ, ಬಾವಿ ತಾವ ಆ ಮೂಲೇನ ಈ ಸಲನಾರ ಉತ್ಬುಡ್ಲಾ? ಆ ಸರ್ವೆಯವ್ನು ಬಂದೋದಾಗಿಂದ ಬೀಳು ಬುಟ್ಟಿದ್ದೀರಿ. ಅವ್ನೋ, ಅಳತೆ ಕೋಲ್ ಇಡ್ಕಂಡು ಬಂದ. ಒಂದ್ ಮೊಳಾನೂ ಅಳೀನಿಲ್ಲ. ಬಾವಿ ಕಟ್ಟೆ ಮ್ಯಾಲೆ ಕುಂತು ಮಜ್ಗೆ ಕುಡ್ದು ಬಸ್ ಅತ್ತೋದ. ತಂದಿದ್ದ ತಂಬಾಕಿನ ಡಬ್ಬೀನೂ ಇಲ್ಲೇ ಮರ್ತೋದ."

"ಐವತ್ ವರ್ಸದ ಮಾತು ಈಗ್ಯಾಕ್ಲಾ ಜವರ. ಆ ಮೂಲೆ ಅಂಗೇ ಇರ್ಲಿ ಬುಡು," ಎಂದಳು ಶಿವಮಲ್ಲಮ್ಮ. "ನೀ ಓದವ್ವ."

ಮೇಘ ಓದಿದಳು. "ಸೋಮಶೇಖರನನ್ನು ಬೇರೆ ಜೈಲಿಗೆ ಸಾಗಿಸಿದರು. ಆಮೇಲೆ ಅವನ ಸುದ್ದಿ ನನಗೆ ತಿಳಿಯಲಿಲ್ಲ."

ಪುಸ್ತಕದಲ್ಲಿ ಇಲ್ಲದ ಎರಡು ವಾಕ್ಯ. ಹಲ್ಲು ಕೀಳುವ ಮೊದಲು ಸೂಜಿ ಚುಚ್ಚಿದ ದವಡೆಯ ಹಾಗೆ ಒಳಗೆಲ್ಲ ಮರಗಟ್ಟಿತ್ತು. ಸುಳ್ಳು ಹೇಳಿದೆನೆಂಬ ನಾಚಿಕೆಯೂ ಆಗಲಿಲ್ಲ.

"ಅಂಗಾ?" ಎಂದಳು ಶಿವಮಲ್ಲಮ್ಮ. ಇನ್ನೊಂದು ಕಾಯಿ ಸುಲಿದಳು.

ಅಷ್ಟೇ. ಜನ ಎದ್ದರು. ಮೇಷ್ಟ್ರು ಹೋಗುವಾಗ ಮೇಘಳಿಗೆ ತಲೆಯಾಡಿಸಿದರು. ಪುಟ್ಟಮಾದಮ್ಮ ಈ ಸಲ ಅಳಲಿಲ್ಲ. ಜವರ ಟವೆಲ್ ಕೊಡವಿ ಹೆಗಲಿಗೆ ಹಾಕಿಕೊಂಡ. ಮುದುಕಿಯನ್ನು ಕಾಪಾಡಿದೆವು ಎಂಬ ಸಮಾಧಾನ ಎಲ್ಲರಿಗೂ ಇರಬೇಕಿತ್ತು. ಯಾರ ಮುಖದಲ್ಲೂ ಕಾಣಲಿಲ್ಲ.

ಶಿವಮಲ್ಲಮ್ಮ ಸಿಪ್ಪೆ ಗುಡಿಸಿದಳು. ಬೀದಿಯ ಆಚೆ ಈಚೆ ನೋಡಿ, ಬಂದು ಮೇಘಳ ಪಕ್ಕ ಕುಳಿತಳು. ಬಳೆಗಳನ್ನು ಮೊಣಕೈ ಕಡೆಗೆ ಸರಿಸಿಕೊಂಡಳು. ಅವು ಇದ್ದ ಜಾಗದಲ್ಲಿ ಚರ್ಮ ಬೆಳ್ಳಗಿತ್ತು.

"ಒಳ್ಳೇ ಕೆಲ್ಸ ಮಾಡ್ದೆ ಕಣವ್ವ, ಇವ್ರ ಮುಂದೆ ಅದ ಓದ್ನಿಲ್ಲ," ಎಂದಳು. "ಅತ್ತೆ ಇರಗಂಟ ಅತ್ತೆಗೋಸ್ಕರ ಇಕ್ಕಂಡಿದ್ದೆ. ಆಮ್ಯಾಕೆ ಇವ್ರಿಗೋಸ್ಕರ."

ಮೇಘ ಪುಸ್ತಕ ಮುಚ್ಚಿದಳು. ಮುದುಕಿ ಅದನ್ನು ಕೈಗೆ ತೆಗೆದುಕೊಂಡು, ಓದಲು ಬಾರದ ಹಾಳೆಗಳನ್ನು ಒಂದೊಂದಾಗಿ ತಿರುವಿದಳು.

"ಅವತ್ತು ಬಾವಿ ತಾವ ಕೋಲೂರ್ಕಂಡು ಬಂದು, ಡಬ್ಬೀಲಿ ಆ ಗುಂಡಿ ಮಣ್ ಕೊಟ್ಟು, 'ಕೂರ್ಸೇ ಮಣ್ಣು ಮಾಡಿದೀನಮ್ಮ' ಅಂದ್ರಲ್ಲ, ಅದ ಬರ್ದವ್ರಾ, ಇಲ್ಲ ಬುಟ್ಬುಟ್ಟವ್ರಾ?"