‘ನಮಗೆ’ ಅನ್ನುವ ಮಾತು

ಟ್ಯಾಂಕರಿನ ಪೈಪನ್ನು ಬೋರ್‌ವೆಲ್ಲಿಗೆ ಜೋಡಿಸಿ ಆಗಿತ್ತು. ಚೌರಪ್ಪನ ಕೈ ಮೋಟಾರಿನ ಸ್ವಿಚ್ಚಿನ ಮೇಲಿತ್ತು. ಅಷ್ಟರಲ್ಲಿ ಅವನ ವಠಾರದಲ್ಲಿ ಬಾಡಿಗೆಗಿದ್ದ ಗೌರಿ ಖಾಲಿ ಬಿಂದಿಗೆ ಹಿಡಿದು ಬಂದಳು.

“ಅಣ್ಣ, ಬೆಳಗ್ಗೆಯಿಂದ ನಲ್ಲೀಲಿ ಹನಿ ನೀರಿಲ್ಲ. ಮಗೂಗೆ ಬೇರೆ ಭೇದಿ.”

“ಬೋರಲ್ಲೇ ನೀರಿಲ್ಲ ಕಣಮ್ಮ, ನಾಳೆ ನೋಡೋಣ,” ಅಂದ ಚೌರಪ್ಪ. ಗೌರಿ ಟ್ಯಾಂಕರನ್ನು ನೋಡಿದಳು, ಅವನನ್ನು ನೋಡಿದಳು, ತಿರುಗಿ ಹೋದಳು.

“ಬೇಗ ಹಾಕಣ್ಣ, ಅಪಾರ್ಟ್‌ಮೆಂಟ್‌ನೋರು ಇವತ್ತು ಡಬಲ್ ಕೊಡ್ತಾರೆ,” ಎಂದು ಡ್ರೈವರ್ ಅವಸರಪಡಿಸಿದ.

ಒಳಗೆ ಹೆಂಡತಿ ಆರೋಗ್ಯಮ್ಮ ಶಿಲುಬೆಯ ಮುಂದೆ ಸಂಜೆಯ ಜಪ ಶುರು ಮಾಡಿದ್ದಳು. ‘ಅಂದಂದಿನ ಅನ್ನವನ್ನು ನಮಗೆ ಕೊಡು’ ಎಂದು ದೇವರನ್ನು ಬೇಡುವ ಸಾಲು ಬಂದಾಗ ರೂಢಿಯಂತೆ ಚೌರಪ್ಪನ ತುಟಿಯೂ ಆಡಿತು. ‘ನಮಗೆ’ ಅನ್ನುವಲ್ಲಿ ಮಾತ್ರ ನಾಲಿಗೆ ತಡವರಿಸಿತು. ಬುದ್ಧಿ ಬಂದಾಗಿನಿಂದ ಹೇಳಿಕೊಂಡು ಬಂದ ಆ ಜಪದಲ್ಲಿ ‘ನನಗೆ’ ಅಂತ ಎಲ್ಲೂ ಇರಲಿಲ್ಲ. ಗೌರಿಯ ಮಗುವೂ ಆ ‘ನಮಗೆ’ಯೊಳಗೇ ಇತ್ತಲ್ಲ!

“ಪೈಪ್ ಬಿಚ್ಚಪ್ಪ,” ಅಂದ.

“ತಲೆ ಕೆಟ್ಟೈತೇನಣ್ಣ? ನಾಳೆಯಿಂದ ಈ ಕಡೆ ಬರಲ್ಲ ನೋಡು!”

ಟ್ಯಾಂಕರ್ ಐಟಿ ಪಾರ್ಕಿನ ರಸ್ತೆಗೆ ತಿರುಗಿದ ಮೇಲೂ ಕೈತಪ್ಪಿದ ದುಡ್ಡಿಗಾಗಿ ಚೌರಪ್ಪನ ಹೊಟ್ಟೆ ಉರಿಯುತ್ತಲೇ ಇತ್ತು. ಆ ಉರಿಯಲ್ಲೇ ಅವನು ವಾಲ್ವನ್ನು ಬಾಡಿಗೆಯವರ ಟ್ಯಾಂಕಿನ ಕಡೆಗೆ ತಿರುಗಿಸಿ, ಮೋಟಾರ್ ಹಾಕಿದ.