ಸೋಮವಾರದ ನೀರು

ಮೆಕ್ಯಾನಿಕ್ ಯತೀಶ್ ಪ್ಲಗ್ಗನ್ನು ಎಂಜಿನ್ನಿಗೆ ತಾಗಿಸಿ ಹಿಡಿದು ಮತ್ತೆ ಕಿಕ್ಕರ್ ತುಳಿದ. ಕಿಡಿ ಹಾರಲಿಲ್ಲ. "ಕರೆಂಟೇ ಬತ್ತಿಲ್ಲ ಮಾಮ," ಎಂದ. ಸಿದ್ದರಾಮು ತೀರಿಹೋದ ಮಗನ ಹಳೆಯ ಬೈಕನ್ನು ಪೂರಿಗಾಲಿಯಿಂದ ಮಳವಳ್ಳಿಗೆ ಲಗೇಜ್ ಆಟೋದಲ್ಲಿ ಹೇರಿ ತಂದಿದ್ದರು. ಮುಂದಿನ ವಾರ ಮಗನ ವರ್ಷದ ಎಡೆ. ಆ ದಿನ ಬೈಕಿನ ಸದ್ದು ಅಂಗಳದಲ್ಲಿ ಇನ್ನೊಮ್ಮೆ ಕೇಳಬೇಕೆಂಬುದೊಂದೇ ಅವರ ಆಸೆ.

ಯತೀಶ್ ಟ್ಯಾಂಕು ಎತ್ತಿದ. ಪ್ಲಗ್ಗಿಗೆ ಕರೆಂಟು ಕೊಡುವ ಕಾಯಿಲಿನ ವೈರು ಕಿಲುಬು ಹಿಡಿದಿತ್ತು. ಅದರ ಮೇಲೆ ನೀರಿನೊಂದಿಗೆ ಇಳಿದ ವಿಭೂತಿ ಗಟ್ಟಿಯಾಗಿ ಕೂತಿತ್ತು.

"ಇದ್ಯಾರು ಮಾಮ, ಗಾಡಿಗೆ ಅಭಿಸೇಕ ಮಾಡಿರೋರು?" ಎಂದು ನಕ್ಕ.

"ನಿಮ್ಮತ್ತೆ ಕಣಪ್ಪ. ಪ್ರತಿ ಸೋಮ್ವಾರ ಇದಕ್ಕೆ ನೀರು ಉಯ್ದು, ಈಬೂತಿ ಇಟ್ಟ ಮ್ಯಾಲೇ ಅವ್ಳು ಬಾಯಿಗೆ ಏನಾರ ಆಕ್ಕೊಳದು."

ಯತೀಶನ ನಗು ಇಂಗಿತು. ಕಿಲುಬು ಕೆರೆದು ವೈರು ಜೋಡಿಸಿ ತುಳಿದ. ಪ್ಲಗ್ಗಿನ ತುದಿಯಲ್ಲಿ ನೀಲಿ ಕಿಡಿ ಹಾರಿತು. ಪ್ಲಗ್ಗು, ಟ್ಯಾಂಕು ಕೂರಿಸುತ್ತ, "ಇನ್ಮ್ಯಾಕೆ ನೀರು ಉಯ್ಬ್ಯಾಡಿ ಅನ್ನಿ ಅತ್ತೆಗೆ. ಉಯ್ದ್ರೆ ಮತ್ತೆ ಇಂಗೇ ನಿಂತೋಯ್ತದೆ," ಎಂದ.

ಸಿದ್ದರಾಮು ಟ್ಯಾಂಕಿನ ಮೇಲೆ ಕೈಯಿಟ್ಟರು.

"ಅವ್ಳಿಗೆ ನಾನೇನೂ ಏಳಾಕಿಲ್ಲ ಕಣಪ್ಪ. ಎಡೆಗೆ ಮುಂಚೆ ಸೋಮ್ವಾರ ಬತ್ತದೆ, ಅವ್ಳು ನೀರು ಉಯ್ದೇ ಉಯ್ತಾಳೆ. ಇಲ್ಲೇ ಒಂದು ಸಲ ಸ್ಟಾರ್ಟ್ ಮಾಡು, ಕೇಳ್ಕಂಡು ಓಯ್ತೀನಿ."