ಸಣ್ಣ ಉರಿ

ಗ್ಯಾಸ್ ಗ್ರಿಲ್ಲಿನ ಹೊಟ್ಟೆಯೊಳಕ್ಕೆ ಬಗ್ಗಿ ನೋಡುತ್ತಿದ್ದ ಮೂಗುರಾಯರು, ಇದು ಮೋಸವೇ ಸರಿ ಎಂದು ತೀರ್ಮಾನಿಸಿದರು. ಬರ್ನರುಗಳೆಲ್ಲ ಹೊತ್ತಿಕೊಂಡಿದ್ದವು, ಆದರೆ ಉರಿ ಉಗುರಿನಷ್ಟೂ ಏಳುತ್ತಿರಲಿಲ್ಲ. ಇದರ ಮೇಲೆ ಒಂದು ಆಲೂಗಡ್ಡೆ ಸುಡುವುದಿರಲಿ, ಕೈ ಕಾಯಿಸಿಕೊಳ್ಳುವುದೂ ಆಗದು.

ಗ್ರಿಲ್ ಕೊಟ್ಟವನು ಒಡಹುಟ್ಟಿದ ತಮ್ಮ. ಹಳೆಯ ಗ್ರಿಲ್ಲುಗಳನ್ನು ತಂದು, ತುಕ್ಕು ಉಜ್ಜಿ, ಬಣ್ಣ ಬಳಿದು, ಹೊಸದರಂತೆ ಮಾಡಿ ಮಾರುವುದು ಅವನ ಕಸುಬು. ಅಣ್ಣ ತಮ್ಮಂದಿರ ನಡುವೆ ಮಾತು ನಿಂತು ವರ್ಷಗಳಾಗಿದ್ದವು. ಅಪ್ಪನ ಕೈಗಡಿಯಾರ ಕಾಣೆಯಾದಾಗ ರಾಯರು ತಮ್ಮನ ಕಡೆ ಬೆರಳು ತೋರಿಸಿದ್ದರು. ಮೊನ್ನೆ ಅದೇ ಗಡಿಯಾರ ಬೀರುವಿನ ಹಿಂದೆ ಸಿಕ್ಕಿತು.

"ಕದ್ದವನೇ ತಂದು ಹಾಕಿರಬೇಕು," ಎಂದರು ರಾಯರು.

ಹೆಂಡತಿ ಹಣೆ ಚಚ್ಚಿಕೊಂಡಳು. ತಾನೇ ಮೈದುನನಿಗೆ ಫೋನು ಮಾಡಿ, ಹೆಂಡತಿ ಮಕ್ಕಳನ್ನು ಕರೆದುಕೊಂಡು ಭಾನುವಾರ ಊಟಕ್ಕೆ ಬಾ ಎಂದಳು. ಅವನು ಹಿಗ್ಗಿ, ಗ್ರಿಲ್ಲನ್ನು ಮುಂಚಿತವಾಗಿಯೇ ಕಳಿಸಿಕೊಟ್ಟ. ನಾಳೆಯೇ ಭಾನುವಾರ. ಇದು ಕೆಟ್ಟ ಮಾಲೆಂದು ಸಾಬೀತಾದರೆ ಊಟವೂ ಇಲ್ಲ, ತಮ್ಮನೂ ಇಲ್ಲ ಎಂದು ರಾಯರು ಹೆಂಡತಿಗೆ ಖಡಾಖಂಡಿತವಾಗಿ ಹೇಳಿಯಾಗಿತ್ತು.

ಸುಮ್ಮಸುಮ್ಮನೆ ಅನುಮಾನಪಡುವ ಜನ ಅವರಲ್ಲ. ಚಹಾ ಗೋದಾಮಿನಲ್ಲಿ ಕಲಬೆರಕೆ ಹಿಡಿಯುವುದೇ ಅವರ ನೌಕರಿಯಾಗಿತ್ತು. ಹೊಲಿದ ಮೂಟೆಯ ಪಕ್ಕ ಹಾದುಹೋದರೆ ಸಾಕು, ಒಳಗಿನ ಕಳ್ಳ ಮಾಲು ಗೊತ್ತಾಗಿಬಿಡುತ್ತಿತ್ತು. ಮೂಗುರಾಯರೆಂಬ ಹೆಸರು ಬಂದದ್ದೇ ಹಾಗೆ. ತಾನು ನಿವೃತ್ತನಾದರೂ ಮೂಗು ನಿವೃತ್ತವಾಗಿಲ್ಲ ಎಂದು ಅವರು ಸಿಕ್ಕಸಿಕ್ಕವರಿಗೆಲ್ಲ ಹೇಳುತ್ತಿದ್ದರು.

ಹೋದ ತಿಂಗಳು ಜ್ವರದಿಂದ ಎದ್ದ ಮೇಲಂತೂ ಅವರಿಗೆ ಎತ್ತ ನೋಡಿದರೂ ಮೋಸವೇ. ಅಂಗಡಿಯವನು ಚಹಾಪುಡಿ ಎಂದು ಹೊಟ್ಟು ಕಟ್ಟಿಕೊಡುತ್ತಿದ್ದ. ಹೆಂಡತಿ ಅಡುಗೆಯಲ್ಲಿ ಕೈ ಬಿಗಿಹಿಡಿಯುತ್ತಿದ್ದಳು. ಇವತ್ತು ಬೆಳಿಗ್ಗೆ ಹಾಲು ತಳಹಿಡಿದು ಪಾತ್ರೆ ಕರ್ರಗಾದಾಗ ಅವಳು ಮಹಡಿಯಿಂದ ದಡದಡನೆ ಇಳಿದು ಬಂದು, ಒಲೆಯ ಪಕ್ಕದಲ್ಲೇ ಪೇಪರು ಓದುತ್ತಿದ್ದ ಗಂಡನನ್ನು ದುರುಗುಟ್ಟಿ ನೋಡಿದಳು.

"ಇಲ್ಲೇ ಕೂತಿದೀರಲ್ರೀ! ನಿಮಗೇನೂ ಗೊತ್ತೇ ಆಗಲ್ವಾ?"

"ನನಗೆ ಎಲ್ಲಾ ಗೊತ್ತಾಗತ್ತೆ," ಎಂದರು ರಾಯರು. ತಾವು ಮಾಡಿದ ತಪ್ಪನ್ನು ಇನ್ನೊಬ್ಬರ ತಲೆಗೆ ಕಟ್ಟುವವರನ್ನು ಅವರು ಬೇಕಾದಷ್ಟು ಕಂಡಿದ್ದರು. ಅವಳು ಉರಿಮುಖ ಮಾಡಿಕೊಂಡು, ಚೀಲ ಹಿಡಿದು ಮಾರ್ಕೆಟ್ಟಿಗೆ ಹೊರಟುಹೋದಳು.

ರಾಯರು ಹಿತ್ತಲಿನಲ್ಲಿ ತನಿಖೆ ಮುಂದುವರಿಸಿದರು. ಬರ್ನರಿನ ತೂತುಗಳಿಗೆ ತಂತಿ ಚುಚ್ಚಿ ಮಸಿ ಬಿಡಿಸಿದರು. ಕೊಳವೆಯೊಳಗೆ ಜೇಡ ಗೂಡು ಕಟ್ಟಿದೆಯೇನೋ ಎಂದು ಊದಿ ನೋಡಿದರು. ರೆಗ್ಯುಲೇಟರ್ ಬಿಚ್ಚಿ ಮತ್ತೆ ಕೂರಿಸಿದರು. ಉರಿ ಮಾತ್ರ ಜಪ್ಪಯ್ಯ ಎಂದರೂ ಏಳಲಿಲ್ಲ. ಕೊನೆಗೆ ತಮ್ಮನಿಗೇ ಫೋನು ಮಾಡಿದರು.

"ಹೇಳು ಅಣ್ಣ," ಎಂದ ತಮ್ಮ. ಆ ಮಾತು ಕೇಳಿ ಎಷ್ಟು ಕಾಲವಾಗಿತ್ತೋ, ರಾಯರಿಗೆ ಒಳಗೊಳಗೇ ಹಿತವಾಯಿತು. ಹಿತವಾಯಿತಲ್ಲ ಎಂದೇ ಇನ್ನಷ್ಟು ಅನುಮಾನವೂ ಆಯಿತು.

ಸಂಗತಿ ಕೇಳಿ ತಮ್ಮ ಕೇಳಿದ: "ಪೈಪೆಲ್ಲಾದ್ರೂ ಸೋರ್ತಿದ್ಯಾ ನೋಡಿದ್ಯಾ? ಸೋರ್ತಿದ್ರೆ ಉರಿ ಏಳಲ್ಲ."

"ಉದ್ದಕ್ಕೂ ಮೂಸಿ ನೋಡಿದೀನಿ. ಎಲ್ಲೂ ಸೋರ್ತಿಲ್ಲ."

"ಸೋಪಿನ ನೀರು ಹಚ್ಚಿ ನೋಡು, ಗುಳ್ಳೆ ಬಂದ್ರೆ..."

"ನನ್ನ ಮೂಗಿಗಿಂತ ನಿನ್ನ ಸೋಪು ಹೆಚ್ಚೇನೋ?"

ತಮ್ಮ ನಕ್ಕುಬಿಟ್ಟ. "ಅದೂ ನಿಜವೇ. ನಿನ್ನ ಮೂಗು ಇಲ್ಲ ಅಂದ್ಮೇಲೆ ಇಲ್ಲ. ಆದ್ರೂ ಬೇರೆ ಪೈಪು ತಗೊಂಡು ಈಗ್ಲೇ ಬರ್ತೀನಿ. ಅಲ್ಲೀವರೆಗೂ ಹಚ್ಚೋಕೆ ಹೋಗ್ಬೇಡ."

ಹಚ್ಚಬೇಡವಂತೆ! ಸಾಕ್ಷಿ ಬದಲಾಯಿಸಲು ಬರುತ್ತಿದ್ದಾನೆ, ಕಳ್ಳ. ರಾಯರು ತಲೆಯೆತ್ತಿದಾಗ ಪಕ್ಕದ ಮನೆಯ ಮೇಷ್ಟ್ರು ಕಿಟಕಿಯಲ್ಲಿ ಇಣುಕುತ್ತಿದ್ದರು. ಅವರು ಮುಖ ಕಿವಿಚಿ, ಪಟಾರನೆ ಕಿಟಕಿ ಮುಚ್ಚಿಕೊಂಡರು. ತಮ್ಮನ ಕೈಕೆಲಸವನ್ನು ಬೀದಿಗೆಲ್ಲ ಹೊಗಳುವವರು ಇವರೇ. ಇಬ್ಬರೂ ಶಾಮೀಲು ಎಂಬುದರಲ್ಲಿ ಇನ್ನು ಸಂಶಯವೇ ಉಳಿಯಲಿಲ್ಲ.

ಕಳ್ಳಗಣ್ಣುಗಳಿಂದ ದೂರವಿರಲಿ, ಗಾಳಿಗೆ ಉರಿ ಏಳಲಿಲ್ಲ ಎಂಬ ನೆಪವೂ ತಪ್ಪಲಿ ಎಂದು ರಾಯರು ಗ್ರಿಲ್ಲನ್ನೂ ಸಿಲಿಂಡರನ್ನೂ ಒಟ್ಟಿಗೇ ಕಾರ್ ಶೆಡ್ಡಿನೊಳಕ್ಕೆ ಎಳೆದರು. ಹೊಸ್ತಿಲ ಬಳಿ ಪೈಪು ಸಿಕ್ಕಿಕೊಂಡಿತು. ಜಗ್ಗಿ ಬಿಡಿಸಿದರು. ಶಟರನ್ನು ಪೂರ್ತಿ ಕೆಳಗೆಳೆದರು. ಪೈಪಿನಲ್ಲಿ ಗ್ಯಾಸು ಚೆನ್ನಾಗಿ ತುಂಬಿಕೊಳ್ಳಲಿ ಎಂದು ಸಿಲಿಂಡರಿನ ತಿರುಪನ್ನು ಸಾಧ್ಯವಾದಷ್ಟು ತೆರೆದಿಟ್ಟು, ಬರ್ನರುಗಳನ್ನು ಮಡಿಲಲ್ಲಿಟ್ಟುಕೊಂಡು ಬ್ರಷ್ಷಿನಿಂದ ನಿಧಾನವಾಗಿ ಉಜ್ಜತೊಡಗಿದರು. ಅಪ್ಪನ ಗಡಿಯಾರ ಕೈಯಲ್ಲಿ ಟಿಕ್ ಟಿಕ್ ಎನ್ನುತ್ತಿತ್ತು. ತಮ್ಮ ಒಂದು ಪಕ್ಷ ನಿರಪರಾಧಿಯಾಗಿದ್ದರೆ ಎಂಬ ಯೋಚನೆ ಬಂತು. ಹಾಗಾಗಲಿ ಎಂದು ಮನಸ್ಸಿನ ಮೂಲೆಯೊಂದು ಬೇಡಿಕೊಂಡಿತು. ರಾಯರು ಅದನ್ನು ಗದರಿಸಿ ಸುಮ್ಮನಿರಿಸಿದರು.

ಬರ್ನರುಗಳನ್ನು ಮತ್ತೆ ಜೋಡಿಸಿ ಮುಗಿಸುವಷ್ಟರಲ್ಲಿ ಹೊರಗೆ ಯಾರೋ ಓಡಿಬಂದ ಸದ್ದಾಯಿತು. ಶಟರು ಮೆಲ್ಲಗೆ ಮೇಲೆದ್ದಿತು. ತಮ್ಮ ನಿಂತಿದ್ದ, ಹೆಗಲ ಮೇಲೆ ಹೊಸ ಪೈಪಿನ ಸುರುಳಿ. ಒಳಗೆ ಕಾಲಿಡಲು ಹೋದವನು ಥಟ್ಟನೆ ಹಿಂದೆ ಸರಿದ. ಮುಖ ಬಿಳಿಚಿಕೊಂಡಿತು. ಸಿಕ್ಕಿಬಿದ್ದವರ ಮುಖ ಹೇಗಿರುತ್ತದೆಂದು ರಾಯರಿಗೆ ಗೊತ್ತಿಲ್ಲವೇ?

"ಬಾ, ನಿನ್ನೆದುರಿಗೇ ತೋರಿಸ್ತೀನಿ ನಿನ್ನ ರಿಪೇರಿ," ಎಂದು ಅವರು ಬೆಂಕಿಪೊಟ್ಟಣದಿಂದ ಕಡ್ಡಿ ತೆಗೆದರು.

"ಅಣ್ಣ, ಕಡ್ಡಿ ಕೆಳಗಿಡು." ತಮ್ಮ ಹೊಸ್ತಿಲಾಚೆಯಿಂದಲೇ ಕೈ ಚಾಚಿದ.

"ಯಾಕೆ, ಬಣ್ಣ ಬಯಲಾಗತ್ತೆ ಅಂತಾನಾ?"

"ಬೀದಿ ತುದೀವರೆಗೂ ಬರ್ತಿದೆ, ಅಣ್ಣ. ಈ ವಾಸನೇಲಿ ನೀನು ಹೇಗೆ ಕೂತಿದೀಯ?"

ಪೊಟ್ಟಣದ ಮಗ್ಗುಲಿಗೆ ಕಡ್ಡಿ ಒತ್ತಿದ್ದ ರಾಯರ ಕೈ ಅಲ್ಲೇ ನಿಂತಿತು.

"ವಾಸನೆ?" ಎಂದರು ಮೂಗುರಾಯರು. "ಯಾವ ವಾಸನೆ?"